ಹಿಂಬದಿಯ ಹಲಗೆ

ಗ್ವೆಂಡಾ ಪರ್ಟನ್ ನನ್ನ ಶೆಡ್ಡಿಗೆ ಬರುವುದೇ ಅಪರೂಪ. ಮರದ ಹೊಟ್ಟು ಗಂಟಲಿಗೆ ಹೋದರೆ ಹಾಡುವುದು ಹೇಗೆ ಎಂಬುದು ಅವಳ ನೆಪ. ಅಂಥವಳು ಆ ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತಾಗಲೇ ಇದು ಒಳ್ಳೆಯ ಸುದ್ದಿಯಲ್ಲ ಅಂದುಕೊಂಡೆ. ನಾನು ಗೋಂದು ಹಚ್ಚುತ್ತಿದ್ದೆ. ಗೋಂದು ಹಚ್ಚುವಾಗ ಆಕಾಶವೇ ಬಿದ್ದರೂ ನಾನು ಕೈ ನಿಲ್ಲಿಸುವವಳಲ್ಲ. ಹತ್ತು ನಿಮಿಷದೊಳಗೆ ಮೂಲೆಗಳನ್ನು ಕೂಡಿಸಿ ಬಿಗಿಯದಿದ್ದರೆ ವಾರದ ಕೆಲಸ ಮಣ್ಣುಪಾಲು.

“ಆಲ್ಬಿ ಇಲ್ವಾ?” ಎಂದಳು.

“ಪೈ ತರೋಕೆ ಬೇಕರಿಗೆ ಹೋಗಿದ್ದಾನೆ. ಅದೇನು ಬೇಗ ಹೇಳು, ಗೋಂದು ಒಣಗುತ್ತೆ.”

“ಈ ಭಾನುವಾರದ ಡಾನ್ಸ್ ಮುಗಿದ ಮೇಲೆ ಆಲ್ಬಿ ವಿಷಯ ತೀರ್ಮಾನ ಮಾಡ್ಬೇಕು ಅಂತ ಇದ್ದೀವಿ ಕಣೇ. ಹೋದ ತಿಂಗಳು ಐದು ಸಲ ತಪ್ಪಿದ. ಜನ ನಗ್ತಾರೆ. ಅವನನ್ನ ನೋಡಿ ಅವರು ನಗೋದು ನನಗೂ ಇಷ್ಟ ಇಲ್ಲ.”

ಆಲ್ಬಿ ನನ್ನ ಗಂಡ. ಗ್ವೆಂಡಾಳ ಬ್ಯಾಂಡಿನಲ್ಲಿ ಮೂವತ್ತೊಂದು ವರ್ಷದಿಂದ ಡ್ರಮ್ಸ್ ಬಾರಿಸುತ್ತಿದ್ದಾನೆ. ಗ್ವೆಂಡಾ ಹಾಡುತ್ತ ಬೇಸ್ ಗಿಟಾರ್ ನುಡಿಸುತ್ತಾಳೆ, ಅವಳ ತಮ್ಮ ಲಿಂಡ್ಸೆಯದು ಗಿಟಾರ್. ಮೂರೇ ಜನ. ನಮ್ಮೂರು ಬರ್ನಿಯಲ್ಲಿ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವವರ ಬೌಲ್ಸ್ ಕ್ಲಬ್ಬಿದೆ, ಅಲ್ಲಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಇವರದೇ ಸಂಗೀತ. ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಹಾಡಿನ ನಡುವೆ ಲಿಂಡ್ಸೆ ತನಗೆ ಮನಸ್ಸು ಬಂದ ಕಡೆ ಗಕ್ಕನೆ ನಿಲ್ಲಿಸುತ್ತಾನೆ. ಅವನ ಜೊತೆಗೇ ಬ್ಯಾಂಡೂ ನಿಲ್ಲಬೇಕು, ಕುಣಿಯುವವರೂ ಎತ್ತಿದ ಕಾಲು ಎತ್ತಿದ ಹಾಗೇ ನಿಲ್ಲಬೇಕು. ಅಲುಗಾಡಿದವರು ತಮ್ಮ ಮೇಜಿನವರಿಗೆಲ್ಲ ಟೀ ತಂದುಕೊಡಬೇಕು. ಎಪ್ಪತ್ತು ಎಂಬತ್ತು ದಾಟಿದವರು ಇದಕ್ಕಾಗಿಯೇ ಮಂಡಿಗೆ ಪಟ್ಟಿ ಬಿಗಿದುಕೊಂಡು ಬರುತ್ತಾರೆ. ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಗೊತ್ತಿದ್ದರೆ ಮಜವೇನು ಬಂತು? ಅದಕ್ಕೇ ಲಿಂಡ್ಸೆ ಯಾರಿಗೂ ಸುಳಿವು ಕೊಡುವುದಿಲ್ಲ, ಸ್ವಂತ ಅಕ್ಕನಿಗೂ ಇಲ್ಲ. ಮೂವತ್ತು ವರ್ಷ ಆಲ್ಬಿ ಅವನ ಜೊತೆಜೊತೆಗೇ ನಿಂತಿದ್ದ. ಈ ಚಳಿಗಾಲ ಶುರುವಾದಾಗಿನಿಂದ ಎಲ್ಲರೂ ನಿಂತ ಮೇಲೆ ಅವನದೊಂದು ‘ಧಡ್’ ಹೆಚ್ಚಾಗಿ ಕೇಳಿಸುತ್ತಿತ್ತು.

“ಅವನ ಜಾಗಕ್ಕೆ ಯಾರು ಬರ್ತಾರೆ?” ಎಂದೆ.

“ನನ್ನ ಅಳಿಯ ಬ್ರೈಸ್ ಇದ್ದಾನಲ್ಲ. ಸುಮಾರಾಗಿ ಬಾರಿಸ್ತಾನೆ.”

“ಅತ್ತೆಯೇ ಸುಮಾರು ಅಂದ್ಮೇಲೆ ಇನ್ನೆಷ್ಟು ಸುಮಾರಿರ್ಬೇಕು.”

“ಆಲ್ಬಿಗೆ ಎಪ್ಪತ್ತೊಂದು ಆಯ್ತು, ಮೆರ್ಲ್.”

“ನಿನಗೇನು ಹದಿನೆಂಟಾ?”

ಬೇರೆ ದಿನವಾಗಿದ್ದರೆ ಗ್ವೆಂಡಾ ಇದಕ್ಕೆ ಸರಿಯಾಗಿ ತಿರುಗಿಸಿ ಕೊಡುತ್ತಿದ್ದಳು. ಅಂದು ಸುಮ್ಮನೆ ನನ್ನ ಭುಜದ ಮೇಲೆ ಕೈಯಿಟ್ಟು ಹೊರಟುಹೋದಳು. ನನಗೆ ಹೆದರಿಕೆಯಾದದ್ದು ಆಗಲೇ. ಗ್ವೆಂಡಾ ಜಗಳಕ್ಕೆ ನಿಂತರೆ ಇನ್ನೂ ದಾರಿಯಿದೆ ಎಂದು ಅರ್ಥ. ಮೆತ್ತಗಾದಳೆಂದರೆ ತೀರ್ಮಾನ ಆಗಿಹೋಗಿದೆ ಎಂದೇ ಅರ್ಥ.

ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೂ ಕಣ್ಣಿನ ಡಾಕ್ಟರಿಗೂ ಮಾತ್ರ ಗೊತ್ತಿತ್ತು. ಒಂದೂವರೆ ವರ್ಷದಿಂದ ಆಲ್ಬಿಯ ದೃಷ್ಟಿಯ ನಡುಭಾಗ ಅಳಿಸಿಹೋಗುತ್ತಿದೆ. ಅಂಚುಗಳಲ್ಲಿ ಒಂದಿಷ್ಟು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಮಬ್ಬು. ಮೊದಲು ಕಾರು ಓಡಿಸುವುದು ಬಿಟ್ಟ. ಆಮೇಲೆ ಪತ್ರಿಕೆ ಓದುವುದು ಬಿಟ್ಟ. ಬೌಲ್ಸ್ ಆಟದ ಚೆಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳಿದ. ಕೇಳಿದವರಿಗೆಲ್ಲ ಸೊಂಟನೋವು ಎಂದ. ಉಳಿದಿದ್ದದ್ದು ತಿಂಗಳಿಗೊಂದು ಭಾನುವಾರದ ಆ ಮೂರು ಗಂಟೆ. ಡ್ರಮ್ಸ್ ಬಾರಿಸಲು ಕಣ್ಣೇಕೆ ಬೇಕು, ಕೈಗೆ ಅಭ್ಯಾಸವಾಗಿರುತ್ತದೆ ಎಂದು ನಾನೂ ನಂಬಿದ್ದೆ. ಆದ್ದರಿಂದ ಅವನ ತಪ್ಪನ್ನು ನಾನು ಕಣ್ಣಿನ ಲೆಕ್ಕಕ್ಕೆ ಹಾಕಿರಲೇ ಇಲ್ಲ. ವಯಸ್ಸಾಯಿತು ಎಂದು ನಾನೂ ಗ್ವೆಂಡಾಳ ಹಾಗೇ ಅಂದುಕೊಂಡಿದ್ದೆ. ಅದನ್ನು ಅವಳ ಬಾಯಲ್ಲಿ ಕೇಳಿ ಸಿಟ್ಟು ಬಂತು, ಅಷ್ಟೇ.

ಆ ಹೊತ್ತಿಗೆ ನಾನು ಗೋಂದು ಹಚ್ಚುತ್ತಿದ್ದದ್ದು ಲಿಂಡ್ಸೆಯ ಹೊಸ ಸ್ಪೀಕರ್ ಪೆಟ್ಟಿಗೆಗೆ. ಗಿಟಾರಿನ ಸ್ಪೀಕರ್ ಕೂರಿಸುವ ಪೆಟ್ಟಿಗೆ ಕಟ್ಟುವುದೇ ನನ್ನ ಕಸುಬು. ಅಪ್ಪನಿಂದ ಬಂದದ್ದು. ಮಗಳ ಕೈಗೆ ಗರಗಸ ಕೊಟ್ಟನಲ್ಲ ಎಂದು ಊರು ಮೂಗು ಮುರಿದಾಗ ಅಪ್ಪ, “ಮಗನ ಕೈಗೆ ಕೊಟ್ಟಿದ್ರೆ ಬೆರಳು ಕಳ್ಕೊಂಡು ಬರ್ತಿದ್ದ” ಎಂದು ಬಾಯಿ ಮುಚ್ಚಿಸಿದ್ದ. ಅಪ್ಪನದು ಒಂದೇ ಧರ್ಮ: ಪೆಟ್ಟಿಗೆಯ ಬೆನ್ನು ಪೂರ್ತಿ ಮುಚ್ಚಿರಬೇಕು. ಸ್ಪೀಕರಿನ ಕಾಗದದ ಬಟ್ಟಲು ಮುಂದಕ್ಕೂ ಹಿಂದಕ್ಕೂ ಅಲುಗುವುದರಿಂದ ಸದ್ದು ಎರಡೂ ಕಡೆ ಹೊರಡುತ್ತದೆ. ಹಿಂದೆ ಹಲಗೆ ಬಡಿದು ಅಲ್ಲಿಯ ಸದ್ದನ್ನು ಒಳಗೇ ಕೂಡಿಹಾಕಿದರೆ ಮುಂದೆ ನಿಂತವನ ಎದೆಗೆ ಗುದ್ದಿದ ಹಾಗೆ ತಗ್ಗುಸ್ವರ ಬರುತ್ತದೆ. ಹಿಂದೆ ತೆರೆದುಬಿಟ್ಟರೆ ಸದ್ದು ಡಾನ್ಸ್ ಹಾಲಿನ ತುಂಬ ಹರಡಿಕೊಳ್ಳುತ್ತದೆ ನಿಜ, ಆದರೆ ಆ ಗುದ್ದು ಹೋಗುತ್ತದೆ. ತೆರೆದ ಪೆಟ್ಟಿಗೆ ಕೇಳಿಕೊಂಡು ಬಂದವರಿಗೆಲ್ಲ ನಾನು ಮೂವತ್ತೈದು ವರ್ಷದಿಂದ ಹೇಳುತ್ತಿದ್ದದ್ದು ಒಂದೇ ಮಾತು: “ಅಡಿ ಇಲ್ಲದ ಬಕೆಟ್ಟು ಬೇರೆ ಅಂಗಡೀಲಿ ಸಿಗುತ್ತೆ.”

ಲಿಂಡ್ಸೆ ಬಳಸುತ್ತಿದ್ದ ಹಳೆಯ ಪೆಟ್ಟಿಗೆಯೂ ನಾನೇ ಕಟ್ಟಿದ್ದು, ಇಪ್ಪತ್ತೆರಡು ವರ್ಷದ ಹಿಂದೆ. ನನ್ನ ಕೈಯಿಂದ ಅಂಥದ್ದು ಮತ್ತೊಂದು ಬಂದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವವರು ಒಮ್ಮೆ ಅದರ ಮುಂದೆ ನಿಂತು ಕೇಳಲಿ. ಈಗ ಲಿಂಡ್ಸೆಗೆ ಬೆನ್ನುಮೂಳೆಯ ಡಿಸ್ಕ್ ಜಾರಿ ಅದನ್ನು ಎತ್ತಲಾಗುತ್ತಿರಲಿಲ್ಲ. ಲಾನ್ಸೆಸ್ಟನ್ ಪಟ್ಟಣದಲ್ಲಿ ಯಾರದೋ ತೆರೆದ ಪೆಟ್ಟಿಗೆ ಕೇಳಿಬಂದವನು, “ಬೆನ್ನಿನ ಹಲಗೆ ಇಲ್ದಿದ್ರೆ ಭಾರ ಎಷ್ಟೋ ಕಮ್ಮಿ ಆಗತ್ತೆ ಮೆರ್ಲ್. ಒಂದ್ಸಲ ಹೋಲಿಸಿ ನೋಡೋಣ” ಎಂದು ತಿಂಗಳಿನಿಂದ ಪ್ರಾಣ ತಿನ್ನುತ್ತಿದ್ದ. ಇನ್ನೊಂದು ದೂರೂ ಇತ್ತು. “ನಿನ್ನ ಗಂಡ ಹಿಂದೆ ಕೂತು ನನ್ನ ಪೆಟ್ಟಿಗೆ ಒದೀತಾನೆ. ಹೋಗಿ ನೋಡು, ಹಲಗೆ ಸವೆದುಹೋಗಿದೆ.” ನೋಡಿದೆ. ಹಿಂಬದಿಯ ಕೆಳಮೂಲೆಯಲ್ಲಿ ಬೂಟಿನ ತುದಿಯಷ್ಟಗಲದ ಗುರುತು, ಬಣ್ಣ ಹೋಗಿ ಮರ ನುಣ್ಣಗಾಗಿತ್ತು. ಆ ದಿನ ಆಲ್ಬಿಗೆ ಮಾಡಿದ ಮಂಗಳಾರತಿ ಪಕ್ಕದ ಮನೆಗೂ ಕೇಳಿಸಿರಬೇಕು. ಅವನು ತುಟಿ ಪಿಟಕ್ಕೆನ್ನಲಿಲ್ಲ.

ಕೊನೆಗೆ ಹಗುರವಾದ ಪ್ಲೈವುಡ್ಡಿನಲ್ಲಿ ಹೊಸ ಪೆಟ್ಟಿಗೆ ಕಟ್ಟುವುದು, ಹಿಂದಿನ ಹಲಗೆಯನ್ನು ಅಂಟಿಸದೆ ಹನ್ನೆರಡು ಸ್ಕ್ರೂಗಳಲ್ಲಿ ನಿಲ್ಲಿಸುವುದು, ಇಟ್ಟೂ ತೆಗೆದೂ ಕೇಳಿ ಲಿಂಡ್ಸೆ ಆರಿಸುವುದು ಎಂದು ಒಪ್ಪಂದವಾಯಿತು.

ಗುರುವಾರ ಮಧ್ಯಾಹ್ನ ಲಿಂಡ್ಸೆ ಗಿಟಾರ್ ಹಿಡಿದು ಬಂದ. ನಮ್ಮ ಶೆಡ್ಡಿನಲ್ಲಿ ಪೆಟ್ಟಿಗೆ ಪರೀಕ್ಷಿಸುವುದಕ್ಕೆ ಒಂದು ಕ್ರಮವಿದೆ. ಅಪ್ಪ ನೆಲದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಕತ್ತರಿ ಗುರುತು ಬಳಿದಿದ್ದಾನೆ. ಪೆಟ್ಟಿಗೆಯಿಂದ ಸರಿಯಾಗಿ ಹನ್ನೆರಡು ಅಡಿ ಮುಂದೆ. ಕೇಳುವವನು ಅದರ ಮೇಲೆ ನಿಂತು ಕಣ್ಣು ಮುಚ್ಚಬೇಕು. ಬೇರೆಲ್ಲಿ ನಿಂತು ಹೇಳಿದ ಅಭಿಪ್ರಾಯ ನಮ್ಮಲ್ಲಿ ನಡೆಯುವುದಿಲ್ಲ. ಉದ್ದದ ತಂತಿ ಸಿಕ್ಕಿಸಿಕೊಂಡು ಲಿಂಡ್ಸೆ ಗುರುತಿನ ಮೇಲೆ ನಿಂತ. ನಾನು ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಪಕ್ಕ ಕುಕ್ಕರಿಸಿದೆ. ಆಲ್ಬಿ ನಮ್ಮ ಗೊಡವೆಯೇ ಬೇಡವೆಂದು ಪೆಟ್ಟಿಗೆಯ ಹಿಂದೆ, ಗೋಡೆಗೆ ತಾಗಿದ ಕೆಲಸದ ಮೇಜಿನ ಹತ್ತಿರ ಟೀ ಮಾಡುತ್ತಿದ್ದ.

ಮೊದಲು ಹಲಗೆ ಇಟ್ಟು ಕೇಳಿದೆವು. ಲಿಂಡ್ಸೆ ಡಾನ್ಸಿನ ಹಾಡೊಂದನ್ನು ಜೋರಾಗಿ ನುಡಿಸಿ, ಅಭ್ಯಾಸಬಲದಿಂದ ನಡುವೆ ಗಕ್ಕನೆ ನಿಲ್ಲಿಸಿದ. ಹಿಂದಿನಿಂದ ಆಲ್ಬಿ ಚಮಚದಲ್ಲಿ ಲೋಟಕ್ಕೆ ತಾಳ ಹಾಕುತ್ತಿದ್ದದ್ದು ಒಂದು ಏಟು ಹೆಚ್ಚಾಗಿ ಕೇಳಿಸಿತು. ಟೀ ಲೋಟದ ಮುಂದೆಯೂ ತಪ್ಪುತ್ತಾನಲ್ಲ ಅನ್ನಿಸಿತು.

“ಆಹಾ, ಗುದ್ದು ಅಂದ್ರೆ ಇದು. ಈಗ ಹಲಗೆ ತೆಗಿ,” ಎಂದ ಲಿಂಡ್ಸೆ.

ಹನ್ನೆರಡು ಸ್ಕ್ರೂ ಬಿಚ್ಚಿ ಹಲಗೆ ಇಳಿಸಿದೆ. ಅವನು ಅದೇ ಹಾಡು ನುಡಿಸಿದ. ಹೇಳಿದ್ದೆನಲ್ಲ, ಸದ್ದು ತೆಳ್ಳಗಾಗಿ ಶೆಡ್ಡಿನ ತಗಡಿಗೆಲ್ಲ ಹರಡಿಕೊಂಡಿತು. ನಡುವೆ ನಿಲ್ಲಿಸಿದ. ಚಮಚವೂ ಅವನ ಜೊತೆಗೇ ನಿಂತಿತು. ಮತ್ತೆ ನುಡಿಸಿ ಇನ್ನೆಲ್ಲೋ ನಿಲ್ಲಿಸಿದ. ಚಮಚ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ನಾನು ತಿರುಗಿ ನೋಡಿದೆ. ಆಲ್ಬಿ ನಮಗೆ ಬೆನ್ನು ಹಾಕಿ ನಿಂತಿದ್ದ. ಅವನು ನಮ್ಮನ್ನು ನೋಡುತ್ತಲೇ ಇರಲಿಲ್ಲ.

“ತೆಳು ಆಯ್ತು ಮೆರ್ಲ್. ನೀನು ಹೇಳಿದ್ದೇ ಸರಿ. ಹಲಗೆ ಹಾಕ್ಬಿಡು. ಬೆನ್ನು ಮುರಿದ್ರೂ ಪರವಾಗಿಲ್ಲ, ಎತ್ತೋಕೆ ಯಾರನ್ನಾದ್ರೂ ಕರೀತೀನಿ.”

ಮೂವತ್ತೈದು ವರ್ಷದ ವಾದದಲ್ಲಿ ಗೆದ್ದಿದ್ದೆ. ಗೆಲುವಿನ ಖುಷಿ ನನ್ನ ಹತ್ತಿರವೂ ಸುಳಿಯಲಿಲ್ಲ. “ಇರು, ಸ್ಕ್ರೂ ಸರಿಯಾಗಿ ಕೂರ್ತಿಲ್ಲ, ಇನ್ನೊಂದ್ಸಲ ನೋಡೋಣ” ಎಂದು ಹಲಗೆ ಹಾಕಿ ಅವನಿಂದ ನುಡಿಸಿ ಕೇಳಿದೆ, ಬಿಚ್ಚಿ ಕೇಳಿದೆ, ಮತ್ತೆ ಹಾಕಿ ಕೇಳಿದೆ. ಹಲಗೆ ಇದ್ದಾಗಲೆಲ್ಲ ಒಂದು ಏಟು ಹೆಚ್ಚು. ಇಲ್ಲದಾಗ ಕರಾರುವಾಕ್ಕು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಅಪ್ಪನಾಗಲಿ ನಾನಾಗಲಿ ಐವತ್ತು ವರ್ಷದಲ್ಲಿ ಒಮ್ಮೆಯೂ ಪೆಟ್ಟಿಗೆಯ ಹಿಂದೆ ಹೋಗಿ ನಿಂತು ಕೇಳಿರಲಿಲ್ಲ.

ಲಿಂಡ್ಸೆ ಹೋದ ಮೇಲೆ ಆಲ್ಬಿಯನ್ನು ಸ್ಟೂಲಿನ ಮೇಲೆ ಕೂರಿಸಿದೆ.

“ಸ್ಟೇಜಿನ ಮೇಲೆ ಲಿಂಡ್ಸೆಯ ಗಿಟಾರ್ ನಿನಗೆ ಕೇಳ್ಸತ್ತಾ?”

“ಒಂಥರಾ ಕೇಳ್ಸತ್ತೆ.”

“ನನ್ನ ಹತ್ರ ಅಡ್ಡಗೋಡೆ ಮೇಲೆ ದೀಪ ಇಡಬೇಡ ಆಲ್ಬಿ. ಕೇಳ್ಸತ್ತೋ ಇಲ್ವೋ?”

ಅವನು ಟೀ ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತ ಹೇಳಿದ. “ನಾನೇ ಅಷ್ಟು ಸದ್ದು ಮಾಡ್ತಾ ಇರ್ತೀನಿ. ಪೆಟ್ಟಿಗೆ ಮುಖ ಆ ಕಡೆ, ನಾನು ಈ ಕಡೆ. ಗ್ವೆಂಡಾಳ ಬೇಸು ಗುಂಯ್ ಅನ್ನತ್ತೆ, ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗಲ್ಲ. ಅವಳ ಕಾಲ ಹತ್ರ ಇರೋ ಸಣ್ಣ ಸ್ಪೀಕರಲ್ಲಿ ಬರೋದು ಅವಳ ಹಾಡು ಮಾತ್ರ. ನಾನು ಲಿಂಡ್ಸೆ ಮೊಣಕೈ ನೋಡ್ಕೊಂಡು ಬಾರಿಸ್ತಿದ್ದೆ. ನಿಲ್ಲಿಸೋ ಮುಂಚೆ ಅವನ ಮೊಣಕೈ ಸ್ವಲ್ಪ ಹೊರಗೆ ಬರತ್ತೆ, ಕೋಳಿ ರೆಕ್ಕೆ ಎತ್ತಿದ ಹಾಗೆ. ಅದು ಅವನಿಗೂ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ.”

“ಈಗ?”

“ಈಗ ಮೊಣಕೈ ಇರೋ ಜಾಗದಲ್ಲಿ ಬೂದಿ ಬಣ್ಣ. ಓರೆಯಾಗಿ ನೋಡಿದ್ರೆ ಆಳು ಕಾಣ್ತಾನೆ, ರೆಕ್ಕೆ ಎತ್ತಿದ್ದು ಗೊತ್ತಾಗಲ್ಲ.” ಬೂಟಿನ ತುದಿಯನ್ನು ಮೇಜಿನ ಕಾಲಿಗೆ ಒತ್ತಿ ತೋರಿಸಿದ. “ಅದಕ್ಕೇ ಬೂಟಿನ ತುದಿ ಪೆಟ್ಟಿಗೆಗೆ ಒತ್ತಿಕೊಂಡು ಕೂರೋಕೆ ಶುರು ಮಾಡ್ದೆ. ಹಲಗೆ ನಡುಗೋದು ಕಾಲಿಗೆ ತಿಳಿಯತ್ತೆ. ಆದ್ರೆ ಕಾಲಿಗೆ ಸುದ್ದಿ ಬಂದು ಕೈಗೆ ಮುಟ್ಟೋ ಹೊತ್ತಿಗೆ ಒಂದು ಏಟು ಬಿದ್ದುಹೋಗಿರತ್ತೆ.”

ಆ ಗುರುತಿಗಾಗಿ ಅವನನ್ನು ಹೇಗೆಲ್ಲ ಬೈದಿದ್ದೆ ಎಂಬುದು ನೆನಪಾಗಿ ಮೈಯೆಲ್ಲ ಹಿಡಿಯಷ್ಟಾಯಿತು. ದೀಪದ ಬುಡದಲ್ಲೇ ಕತ್ತಲು. ನನ್ನ ಹೆಮ್ಮೆಯ ಹಲಗೆಯೇ ನನ್ನ ಗಂಡನ ಕಿವಿಗೆ ಅಡ್ಡ ನಿಂತಿತ್ತು.

“ಲಿಂಡ್ಸೆಗೆ ಹೇಳೋಣ,” ಎಂದೆ. “ಕಣ್ಣಿನ ವಿಷಯ ಹೇಳಿದ್ರೆ ಅವನೇನು ಬೇಡ ಅಂತಾನಾ?”

“ಬೇಡ ಅನ್ನಲ್ಲ. ಅದೇ ಕಷ್ಟ.” ಆಲ್ಬಿ ಲೋಟ ಕೆಳಗಿಟ್ಟ. “ಪಾಪ, ಕುರುಡ, ಇರ್ಲಿ ಬಿಡು ಅಂತ ಕೂರಿಸ್ಕೋತಾರೆ. ಆ ಕುರ್ಚಿ ನನಗೆ ಬೇಡ ಮೆರ್ಲ್. ಸರಿಯಾಗಿ ಬಾರಿಸಿ ಕೂತ್ರೆ ಕೂತೆ, ಇಲ್ದಿದ್ರೆ ಎದ್ದುಬರ್ತೀನಿ. ನೀನು ಬಾಯಿ ಬಿಡಬಾರದು.”

ಶುಕ್ರವಾರ ಲಿಂಡ್ಸೆಗೆ ಫೋನು ಮಾಡಿ ತೆರೆದ ಪೆಟ್ಟಿಗೆಯ ಗುಣಗಾನ ಮಾಡಿದೆ. ಅದು ಹಗುರ, ಹಾಲಿನ ಮೂಲೆಮೂಲೆಗೂ ಸಮನಾಗಿ ಕೇಳಿಸುತ್ತದೆ, ಎದುರಿನ ಮೇಜಿನವರ ಕಿವಿ ಉಳಿಯುತ್ತದೆ ಎಂದೆಲ್ಲ ಹೇಳಿದೆ. ಒಂದೂ ಸುಳ್ಳಲ್ಲ. ಅವನು ಎಲ್ಲ ಕೇಳಿಸಿಕೊಂಡು, “ಮೆರ್ಲ್, ನಿನಗೆ ಜ್ವರ ಏನಾದ್ರೂ ಬಂದಿದ್ಯಾ?” ಎಂದ. ಜೀವಮಾನವೆಲ್ಲ ಒಂದೇ ರಾಗ ಹಾಡಿದವಳು ರಾತ್ರಿ ಬೆಳಗಾಗುವುದರಲ್ಲಿ ಬದಲಾದರೆ ಯಾರು ನಂಬುತ್ತಾರೆ? ಹಲಗೆ ಹಾಕಿಯೇ ತರಬೇಕೆಂದು ಕಟ್ಟುನಿಟ್ಟಾಗಿ ಹೇಳಿ ಫೋನಿಟ್ಟ.

ಭಾನುವಾರ ಪೆಟ್ಟಿಗೆಯನ್ನೂ ಹಲಗೆಯನ್ನೂ ವ್ಯಾನಿನಲ್ಲಿ ಬೇರೆಬೇರೆ ಇಟ್ಟುಕೊಂಡು ಹೋದೆ. ಹನ್ನೆರಡು ಸ್ಕ್ರೂ ನನ್ನ ಕೋಟಿನ ಜೇಬಿನಲ್ಲೇ ಇದ್ದವು.

“ಸ್ಕ್ರೂ ಮನೇಲಿ ಮರೆತೆ,” ಎಂದೆ.

“ನೀನಾ? ಮರೆತ್ಯಾ?”

“ವಯಸ್ಸಾಯ್ತು ಕಣೋ. ನಿಮ್ಮಕ್ಕನ್ನ ಕೇಳು, ಯಾರ್ಯಾರಿಗೆ ಎಷ್ಟು ವಯಸ್ಸಾಯ್ತು ಅಂತ ಅವಳ ಹತ್ರ ಪಟ್ಟಿ ಇದೆ.”

ಗ್ವೆಂಡಾ ಕೇಳಿಸದವಳ ಹಾಗೆ ಮೈಕಿನ ತಂತಿ ಬಿಡಿಸುತ್ತಿದ್ದಳು. ಲಿಂಡ್ಸೆ ಗೊಣಗುತ್ತ ಪೆಟ್ಟಿಗೆಯನ್ನು ಎಂದಿನ ಜಾಗದಲ್ಲಿ, ಆಲ್ಬಿಯ ಮುಂದೆ ಇಟ್ಟುಕೊಂಡ. ಪೆಟ್ಟಿಗೆಯ ತೆರೆದ ಬೆನ್ನು ನೇರ ನನ್ನ ಗಂಡನ ಕಡೆಗಿತ್ತು.

ಮೊದಲ ಅರ್ಧದಲ್ಲಿ ಏಳು ಹಾಡು. ಲಿಂಡ್ಸೆ ಏಳರಲ್ಲೂ ನಿಲ್ಲಿಸಿದ, ಒಂದರಲ್ಲಂತೂ ಮೂರು ಸಲ. ಆಲ್ಬಿ ಒಂದೂ ತಪ್ಪಲಿಲ್ಲ. ಸದ್ದು ನಿಂತಾಗ ಹಾಲಿನಲ್ಲಿ ಗಡಿಯಾರದ ಟಿಕ್ ಟಿಕ್ ಕೇಳಿಸುವಷ್ಟು ಮೌನವಾಗುತ್ತಿತ್ತು, ಆಮೇಲೆ ಅಲುಗಿದವರನ್ನು ಹಿಡಿದುಕೊಟ್ಟು ನಗು. ಗ್ವೆಂಡಾ ಎರಡು ಸಲ ಹಿಂದಿರುಗಿ ಆಲ್ಬಿಯನ್ನು ನೋಡಿದಳು. ನಾನು ಸ್ಕೋನ್ ಎಂಬ ಸಣ್ಣ ಬನ್ನುಗಳಿಗೆ ಜಾಮ್ ಹಚ್ಚುತ್ತ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡೆ. ಪೆಟ್ಟಿಗೆಯ ಸದ್ದು ತೆಳ್ಳಗಿತ್ತು, ಒಪ್ಪುತ್ತೇನೆ. ನನಗದು ಬೇಕಾಗಿಯೂ ಇರಲಿಲ್ಲ.

ಬಿಡುವಿನಲ್ಲಿ ಟೀ ಬಡಿಸುವ ಪಾಳಿ ನನ್ನದಿತ್ತು. ಐವತ್ತು ಜನಕ್ಕೆ ಬಡಿಸಿ ಬರುವಷ್ಟರಲ್ಲಿ ಲಿಂಡ್ಸೆ ಕ್ಲಬ್ಬಿನ ಉಗ್ರಾಣದಲ್ಲಿ ಹುಡುಕಾಡಿ ಹನ್ನೆರಡು ಸ್ಕ್ರೂ ತಂದು ಹಲಗೆಯನ್ನು ಬಿಗಿದುಬಿಟ್ಟಿದ್ದ. ನೋಡಿದಾಗ ಎರಡನೆಯ ಅರ್ಧದ ಮೊದಲ ಹಾಡು ಶುರುವಾಗಿತ್ತು. ಪೆಟ್ಟಿಗೆ ಚೆನ್ನಾಗಿಯೇ ನುಡಿಯಿತು, ಎದೆಗೆ ಗುದ್ದಿತು. ಲಿಂಡ್ಸೆಯ ಮುಖ ಅರಳಿತು. ನಡುವೆ ನಿಲ್ಲಿಸಿದ.

‘ಧಡ್.’

ಜನ ನಕ್ಕರು. ಎರಡನೆಯ ಹಾಡಿನಲ್ಲಿ ಎರಡು ‘ಧಡ್’. ಆಲ್ಬಿ ತಲೆ ತಗ್ಗಿಸಿ, ಬೂಟಿನ ತುದಿಯನ್ನು ಹಲಗೆಗೆ ಒತ್ತಿ ಕೂತಿದ್ದ. ಗ್ವೆಂಡಾ ಹಾಲಿನಾಚೆಯಿಂದ ನನ್ನ ಕಡೆ ನೋಡಿದಳು. ಆ ನೋಟ ನನಗೆ ಅರ್ಥವಾಯಿತು. ನಾನು ಜಾಮಿನ ಚಾಕು ಕೆಳಗಿಟ್ಟು, ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ನೇರ ಸ್ಟೇಜು ಹತ್ತಿದೆ.

“ಏನ್ ಮಾಡ್ತಿದ್ದೀಯ?” ಎಂದ ಲಿಂಡ್ಸೆ.

“ಇನ್ನೂ ಪರೀಕ್ಷೆ ಮುಗಿದಿಲ್ಲ. ಗಿಟಾರ್ ನಿಮ್ಮಕ್ಕನ ಕೈಗೆ ಕೊಡು. ಹೋಗಿ ಡ್ರಮ್ಸ್ ಹಿಂದೆ ಕೂತ್ಕೋ.”

“ಮೆರ್ಲ್,” ಎಂದು ಆಲ್ಬಿ ಎಚ್ಚರಿಸಿದ.

“ನಾನು ಬಾಯಿ ಬಿಡಲ್ಲ. ನೀನು ಏಳು.”

ನನ್ನ ಮುಖ ನೋಡಿ ಯಾರೂ ವಾದಿಸಲಿಲ್ಲ. ಲಿಂಡ್ಸೆ ಸೊಂಟ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತ. ಸಾದಾ ತಾಳ ಹಾಕಲು ಅವನಿಗೂ ಬರುತ್ತದೆ. “ಕಣ್ಣು ಮುಚ್ಚಿ ಬಾರಿಸು. ಗ್ವೆಂಡಾ ಎಲ್ಲಿ ಬೇಕಾದ್ರೂ ನಿಲ್ಲಿಸ್ತಾಳೆ, ಅವಳ ಜೊತೆ ನೀನೂ ನಿಲ್ಲಿಸ್ಬೇಕು,” ಎಂದೆ. ಇದು ಯಾವುದೋ ಹೊಸ ಆಟವಿರಬೇಕೆಂದು ಹಾಲಿನವರೆಲ್ಲ ಸ್ಟೇಜಿನ ಮುಂದೆ ಬಂದು ಸೇರಿದರು.

ಗ್ವೆಂಡಾ ನುಡಿಸಿದಳು. ಲಿಂಡ್ಸೆ ಕಣ್ಣು ಮುಚ್ಚಿ ಬಾರಿಸಿದ. ಅವಳು ನಿಲ್ಲಿಸಿದಳು. ಅವನು ಬಾರಿಸುತ್ತಲೇ ಇದ್ದ. ಒಂದಲ್ಲ, ಎರಡಲ್ಲ, ಎಂಟು ಏಟು. ಜನ ಬಿದ್ದುಬಿದ್ದು ನಕ್ಕರು. ಅವನು ಕಣ್ಣು ತೆರೆದಾಗ ಗ್ವೆಂಡಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನಿಲ್ಲಿಸಿದ್ಯಾ?”

“ಯಾವಾಗ್ಲೋ.”

“ಏನೂ ಕೇಳ್ಸಲ್ಲ ಇಲ್ಲಿ.” ಲಿಂಡ್ಸೆ ಎದುರಿನ ಹಲಗೆಯನ್ನೇ ನೋಡಿದ. ಆಮೇಲೆ ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನತ್ತ ತಿರುಗಿದ. “ಆಲ್ಬಿ, ಹಳೇ ಪೆಟ್ಟಿಗೇನೂ ಹೀಗೇನಾ? ಹಾಗಾದ್ರೆ ಇಷ್ಟು ವರ್ಷ ಹೇಗೆ ನಿಲ್ಲಿಸ್ತಿದ್ದೆ?”

ಆಲ್ಬಿ ಕೋಲುಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ನಾನು ಬಾಯಿ ಬಿಡಲಿಲ್ಲ. ದೇವರಾಣೆ, ತುಟಿ ಕಚ್ಚಿ ಹಿಡಿದಿದ್ದೆ.

“ನಿನ್ನ ಮೊಣಕೈ ನೋಡ್ಕೊಂಡು,” ಎಂದ ಆಲ್ಬಿ. “ಹೋದ ವರ್ಷದವರೆಗೂ ಕಾಣ್ತಿತ್ತು.”

ಗ್ವೆಂಡಾಳ ಕೈ ಗಿಟಾರಿನ ಮೇಲೆ ಹಾಗೇ ನಿಂತಿತು. ಕಾರು ಬಿಟ್ಟದ್ದು, ಬೌಲ್ಸ್ ಬಿಟ್ಟದ್ದು, ಎಲ್ಲವೂ ಅವಳ ತಲೆಯಲ್ಲಿ ಒಂದೊಂದಾಗಿ ಜೋಡಣೆಯಾಗುತ್ತಿದ್ದದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಪಾಪ ಎಂದು ಅವರಲ್ಲೊಬ್ಬರು ಅಂದಿದ್ದರೂ ಆಲ್ಬಿ ಕೋಲು ಕೆಳಗಿಟ್ಟು ಹೊರಡುತ್ತಿದ್ದ. ಲಿಂಡ್ಸೆ ಹಾಗನ್ನಲಿಲ್ಲ. ನರಳುತ್ತ ಸ್ಟೂಲಿನಿಂದೆದ್ದು, ಇನ್ನೂ ನರಳುತ್ತ ಪೆಟ್ಟಿಗೆಯ ಹಿಂದೆ ಮಂಡಿಯೂರಿ ನನ್ನ ಕಡೆ ಕೈ ಚಾಚಿದ.

“ಕೊಡು ಸ್ಕ್ರೂಡ್ರೈವರ್ನ. ಆಲ್ಬಿ, ಇಷ್ಟು ದಿನ ನೀನು ನನ್ನ ಪೆಟ್ಟಿಗೆ ಒದೀತಿದ್ದೀಯ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಒದ್ದಿದ್ದು ಸಾಲ್ದು ಕಣಯ್ಯ, ಮುರಿದೇ ಹಾಕ್ಬೇಕಿತ್ತು.”

ಹನ್ನೆರಡೂ ಸ್ಕ್ರೂಗಳನ್ನು ಅವನೇ ಬಿಚ್ಚಿದ. ಗ್ವೆಂಡಾ ಗಿಟಾರನ್ನು ತಮ್ಮನಿಗೆ ಹಿಂದಿರುಗಿಸಿ ಮೈಕಿನ ಕಡೆ ಹೋಗುತ್ತ ಆಲ್ಬಿಯ ಹತ್ತಿರ ಒಂದು ಕ್ಷಣ ನಿಂತಳು. “ನಮ್ಮ ಬ್ರೈಸ್‌ಗೆ ಭಾನುವಾರ ಮೀನು ಹಿಡಿಯೋದೇ ಇಷ್ಟ,” ಎಂದಳು. “ಮುಂದಿನ ತಿಂಗಳೂ ಎರಡು ಗಂಟೆಗೇ. ತಡ ಮಾಡಬೇಡ.”

ಆಮೇಲೆ ಆರು ಹಾಡು ನಡೆದವು. ಲಿಂಡ್ಸೆ ಹಟಕ್ಕೆ ಬಿದ್ದವನ ಹಾಗೆ ಸಿಕ್ಕಸಿಕ್ಕಲ್ಲಿ ನಿಲ್ಲಿಸಿದ, ಆಲ್ಬಿ ಅವನನ್ನು ಒಂದು ಕಡೆಯೂ ಬಿಟ್ಟುಕೊಡಲಿಲ್ಲ. ಎದುರಿನ ಮೇಜಿನವರು ಸದ್ದು ತೆಳ್ಳಗಾಯಿತೆಂದು ದೂರಲೂ ಇಲ್ಲ. ಅವರಿಗೆ ಟೀ ಹೊರುವುದರಲ್ಲೇ ಸಾಕಾಗಿತ್ತು.

ಐದೂವರೆಗೆ ಸಾಮಾನು ತುಂಬಿಕೊಂಡು ಹೊರಟೆವು. ಸಮುದ್ರದ ಪಕ್ಕದ ರಸ್ತೆ, ಗಾಳಿ ಜೋರಾಗಿತ್ತು. ಕತ್ತಲಾದರೆ ಈ ರಸ್ತೆಗೆ ವಾಲಬಿಗಳು, ಅಂದರೆ ಕಾಂಗರೂವಿನ ಸಣ್ಣ ಜಾತಿಯವು, ಅಡ್ಡ ಹಾರುವುದುಂಟು. ಆಲ್ಬಿ ಮಂಡಿಯ ಮೇಲೆ ಕೋಲಿಟ್ಟುಕೊಂಡು ಸಮಾಧಾನವಾಗಿ ಕೂತಿದ್ದ. ನನಗೆ ಸಮಾಧಾನವಿರಲಿಲ್ಲ. ಒಳಗೊಳಗೇ ಕುದಿಯುತ್ತಿದ್ದದ್ದು ಕೊನೆಗೂ ಹೊರಬಂತು.

“ಕಣ್ಣು ಹೋಗಿದ್ದು ಹೋದ ವರ್ಷ. ಆದ್ರೆ ಕೇಳ್ಸದೆ ಇದ್ದದ್ದು ಇಪ್ಪತ್ತೆರಡು ವರ್ಷ. ನನ್ನ ಪೆಟ್ಟಿಗೆ ಹಿಂದೆ ಅಷ್ಟು ವರ್ಷ ಕಿವುಡನ ಹಾಗೆ ಕೂತಿದ್ಯಲ್ಲ, ಒಂದು ಮಾತು ಹೇಳಬಾರದಿತ್ತಾ? ಒಂದು ಹಲಗೆ ತಾನೇ, ಬಿಚ್ಚಿ ಬಿಸಾಕ್ತಿದ್ದೆ.”

“ಹೇಗೆ ಹೇಳ್ಲಿ?” ಎಂದ. ಅವನ ದನಿಯಲ್ಲಿ ದೂರು ಇರಲಿಲ್ಲ. “ಪ್ರತೀ ಸಲಾನೂ ಒಂದು ಹಾಡಿಗಾದ್ರೂ ನೀನು ಕ್ಲಬ್ಬಿನ ಅಡುಗೆಮನೆ ಬಿಟ್ಟು ಬಂದು ಹಾಲಿನ ನಡುವೆ ನಿಂತ್ಕೋತಿದ್ದೆ. ಕಣ್ಣು ಮುಚ್ಕೊಂಡು ಕೇಳ್ತಿದ್ದೆ. ನನಗೆ ಪೆಟ್ಟಿಗೆ ಕೇಳಿಸ್ತಿರ್ಲಿಲ್ಲ, ಆದ್ರೆ ಅಲ್ಲಿಂದ ನಿನ್ನ ಮುಖ ಕಾಣ್ತಿತ್ತು. ಎಷ್ಟು ಚೆನ್ನಾಗಿ ನುಡೀತಿದೆ ಅಂತ ನನಗೆ ಅದ್ರಲ್ಲೇ ಗೊತ್ತಾಗ್ತಿತ್ತು.”

ನನಗೆ ರಸ್ತೆ ಕಾಣದಾಯಿತು. ವ್ಯಾನನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡು ಸದ್ದಿಲ್ಲದೆ ಅತ್ತೆ. ಆಲ್ಬಿ ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದ.

“ಯಾಕೆ ನಿಲ್ಲಿಸ್ದೆ?” ಎಂದ.

“ವಾಲಬಿ ಅಡ್ಡ ಬಂತು,” ಎಂದೆ.